ಬಳ್ಳಾರಿಯಲ್ಲಿ ಒಂದು ಮನೆ ಮಾರಲು ಹದಿನೆಂಟು ತಿಂಗಳು ಏಕೆ ಬೇಕಾಯಿತು?

ನಮ್ಮ ಊರಿನಲ್ಲಿ ಮನೆ ನೋಡಲು ಬಂದವರು ಮೊದಲು ತಲೆಬಾಗಿಲ ಕಡೆ ಹೋಗುವುದಿಲ್ಲ. ಅಂಗಳದಲ್ಲಿ ನಿಂತು, "ಸಂಪ್ ಎಲ್ಲಿದೆ? ಎಷ್ಟು ಲೀಟರ್ ಹಿಡಿಸುತ್ತದೆ?" ಎಂದು ಕೇಳುತ್ತಾರೆ. ಬಳ್ಳಾರಿಯ ಬೇಸಿಗೆಯನ್ನು ಕಂಡವರಿಗೆ, ನಲ್ಲಿ ನೀರಿಗಾಗಿ ದಿನ ಎಣಿಸಿದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪ 1998ರಲ್ಲಿ ಕಪ್ಪಗಲ್ ರಸ್ತೆಯ ಕಡೆ ಕಟ್ಟಿಸಿದ ಮನೆಯ ಸಂಪಿಗೆ ಕಬ್ಬಿಣದ ಮುಚ್ಚಳವಿತ್ತು. ಹದಿನೆಂಟು ತಿಂಗಳಲ್ಲಿ ನಾನು ಅದನ್ನು ಎಷ್ಟು ಸಲ ಎತ್ತಿ ತೋರಿಸಿದೆನೆಂದರೆ, ಹಿಡಿಯ ಸುತ್ತ ಹಸಿರು ಬಣ್ಣ ಪೂರ್ತಿ ಉಜ್ಜಿಹೋಯಿತು.

2024ರ ಯುಗಾದಿಯ ಮರುವಾರ ಆ ಮನೆಯನ್ನು ಮಾರಲು ಇಟ್ಟೆವು. ಕೇಳಿದ ಬೆಲೆ 78 ಲಕ್ಷ. ಜೂನ್‌ನಲ್ಲಿ, ಆಷಾಢ ಹತ್ತುವ ಮೊದಲು, ಒಬ್ಬ ಶಿಕ್ಷಕ ದಂಪತಿ 66 ಲಕ್ಷ ಕೊಡುತ್ತೇವೆ ಎಂದರು. ನಾವು ಒಪ್ಪಲಿಲ್ಲ. 2025ರ ಅಕ್ಟೋಬರ್‌ನಲ್ಲಿ, ದಸರಾ ಕಳೆದ ಮೇಲೆ, ಅದೇ ಮನೆಯನ್ನು ಬೇರೆಯವರಿಗೆ 62 ಲಕ್ಷಕ್ಕೆ ಕೊಟ್ಟೆವು. ಮೇಲುನೋಟಕ್ಕೆ ನಷ್ಟ 4 ಲಕ್ಷ. ಆದರೆ 66 ಲಕ್ಷ ಅಂದೇ ಕೈಗೆ ಬಂದು ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಇದ್ದಿದ್ದರೆ ಹದಿನಾರು ತಿಂಗಳಿಗೆ 6.16 ಲಕ್ಷ ಬಡ್ಡಿಯೇ ಬರುತ್ತಿತ್ತು. ಎರಡನ್ನೂ ಕೂಡಿಸಿದರೆ ಹತ್ತು ಲಕ್ಷ ದಾಟುತ್ತದೆ. ಆಸ್ತಿ ತೆರಿಗೆ, ಮಳೆಗಾಲದ ನಂತರ ಮತ್ತೆ ಬಳಿಸಿದ ಸುಣ್ಣಬಣ್ಣ, ಖಾಲಿ ಮನೆಗೂ ತಪ್ಪದ ವಿದ್ಯುತ್ ಬಿಲ್ಲು ಈ ಲೆಕ್ಕದಲ್ಲಿ ಇಲ್ಲ.

ಈ ಲೆಕ್ಕವನ್ನು ಬರೆಯಲು ಕಾರಣವಿದೆ. "ಮಾರ್ಕೆಟ್ ಡಲ್ ಇದೆ, ಸ್ವಲ್ಪ ಕಾಯೋಣ" ಎಂಬ ಮಾತನ್ನು ಈಗ ಬಳ್ಳಾರಿಯ ಪ್ರತಿ ಓಣಿಯಲ್ಲೂ ಕೇಳುತ್ತೇನೆ. ಕಾಯುವುದಕ್ಕೆ ಖರ್ಚಿಲ್ಲ ಎಂಬ ನಂಬಿಕೆಯಿಂದ ಬರುವ ಮಾತು ಅದು. ನಮ್ಮ ಮನೆಯವರೂ ಅದನ್ನೇ ನಂಬಿದ್ದೆವು. ಕೊಳ್ಳುವವರೇ ಇಲ್ಲದ ಊರು ಇದಲ್ಲ. ಹದಿನೆಂಟು ತಿಂಗಳಲ್ಲಿ ನಾಲ್ಕು ಕುಟುಂಬಗಳು ನಿಜವಾಗಿಯೂ ಕೊಳ್ಳುವ ಮನಸ್ಸಿನಿಂದಲೇ ಬಂದಿದ್ದವು. ಮೂರು ಸಲ ವ್ಯವಹಾರ ಮುರಿದುಬಿತ್ತು. ಒಮ್ಮೆ ನಮ್ಮ ಬೆಲೆಯಿಂದ, ಒಮ್ಮೆ ತುಂಗಭದ್ರೆಯಿಂದ, ಒಮ್ಮೆ ನಮ್ಮ ಕಾಗದಪತ್ರಗಳಿಂದ. ಈ ಮೂರರಲ್ಲಿ ಎರಡು ನಮ್ಮ ಕೈಯಲ್ಲೇ ಇದ್ದವು.

ಮೊದಲು ಬೆಲೆಯ ವಿಚಾರ. 78 ಲಕ್ಷ ಎಂಬ ಅಂಕಿ ಎಲ್ಲಿಂದ ಬಂತು? ಹಿಂದಿನ ಓಣಿಯಲ್ಲಿ ಒಂದು ಮನೆ 80 ಲಕ್ಷಕ್ಕೆ ಹೋಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಆ ವ್ಯವಹಾರದಲ್ಲಿ ಪಕ್ಕದ ಅರ್ಧ ನಿವೇಶನವೂ ಸೇರಿತ್ತು ಎಂದು ನಮಗೆ ತಿಳಿದದ್ದು ಒಂದು ವರ್ಷದ ಮೇಲೆ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಮನೆ ಬೆಲೆ ಸೂಚ್ಯಂಕದಲ್ಲಿ ಬೆಂಗಳೂರು ಇದೆ, ಬಳ್ಳಾರಿ ಇಲ್ಲ. ನಮ್ಮಲ್ಲಿ ಬೆಲೆ ಗೊತ್ತಾಗುವುದು ಬಾಯಿಮಾತಿನಿಂದ. ಮಾರಿದವರು ಮರ್ಯಾದೆಗಾಗಿ ಸ್ವಲ್ಪ ಏರಿಸಿ ಹೇಳುತ್ತಾರೆ, ಕೊಂಡವರು ತೆರಿಗೆಗೆ ಅಂಜಿ ಇಳಿಸಿ ಹೇಳುತ್ತಾರೆ, ದಲ್ಲಾಳಿಗಳು ಎದುರಿಗೆ ಕುಳಿತವರನ್ನು ನೋಡಿ ಹೇಳುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆದರೆ ನೋಂದಾಯಿತ ಮೊತ್ತ ಕಾಣುತ್ತದೆ ನಿಜ. ಆದರೆ ಬಹಳಷ್ಟು ಪತ್ರಗಳಲ್ಲಿ ಮಾರ್ಗಸೂಚಿ ದರವನ್ನೇ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರವನ್ನೇ ಬರೆದಿರುತ್ತಾರೆ.

ಬಾಯಿಮಾತಿಗಿಂತ ಬಲವಾದದ್ದು ನೆನಪು. ಈ ಶತಮಾನದ ಮೊದಲ ದಶಕದಲ್ಲಿ ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲದಲ್ಲಿ ಬಳ್ಳಾರಿಯ ನೆಲಕ್ಕೆ ಬಂದ ಬೆಲೆ ದುಡಿಮೆಗೆ ಸಂಬಂಧಪಟ್ಟದ್ದಾಗಿರಲಿಲ್ಲ. ಲಾರಿ ಇಟ್ಟವರು, ಗುತ್ತಿಗೆ ಹಿಡಿದವರು, ಹೊಲವನ್ನೇ ಅಗೆಸಿ ಮಾರಿದವರು ತಂದ ಹಣ ಸೈಟುಗಳ ಮೇಲೆ ಬಿದ್ದಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರಲ್ಲಿ ಷರತ್ತುಗಳೊಂದಿಗೆ ಕೆಲವು ಗಣಿಗಳು ಮತ್ತೆ ತೆರೆದವು. ಆದರೆ ಅಂದಿನ ಹಣ ಅಂದಿನ ರೀತಿಯಲ್ಲಿ ಮತ್ತೆ ಊರೊಳಗೆ ಹರಿಯಲಿಲ್ಲ. ಆ ಅದಿರಿನ ಕಾಲದಲ್ಲಿ ನಮ್ಮ ಮನೆಯನ್ನು ಒಬ್ಬರು ಕೇಳಿದ್ದರಂತೆ, ಅಪ್ಪ ಕೊಡಲಿಲ್ಲವಂತೆ. ಆ ಕಥೆ ಮನೆಯಲ್ಲಿ ಎಷ್ಟು ಸಲ ಹೇಳಲಾಗಿದೆಯೆಂದರೆ, ಅಂದು ಕೇಳಿದ ಬೆಲೆಗಿಂತ ಕಡಿಮೆಗೆ ಮಾರುವುದು ಅಪ್ಪನ ಮಾತು ಮೀರಿದಂತೆ ಎಂದು ನಮಗೆಲ್ಲ ಅನ್ನಿಸಿಬಿಟ್ಟಿತ್ತು. ಬಳ್ಳಾರಿಯ ಅನೇಕ ಮನೆಗಳ ಬೆಲೆಯೊಳಗೆ ಇಂಥ ಒಂದು ಕಥೆ ಕುಳಿತಿದೆ.

2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾಯಿತು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯವರಿಗೆ ಜಿಲ್ಲಾ ಕಚೇರಿಯ ಕೆಲಸಕ್ಕೆ ಬಳ್ಳಾರಿ ಬೇಕಿಲ್ಲ; ಅಲ್ಲಿಗೆ ವರ್ಗವಾದ ನೌಕರರು ಅಲ್ಲೇ ಮನೆ ನೋಡುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸಂಬಳದಾರರಿಗೂ ಹೊಸಪೇಟೆ, ಸಂಡೂರು, ಬಳ್ಳಾರಿ ಎಂಬ ಮೂರು ಆಯ್ಕೆಗಳಿವೆ. ಬಳ್ಳಾರಿಗೆ ಇದರಿಂದ ಬೇಡಿಕೆ ತಗ್ಗಿದೆ ಎಂಬುದು ನನ್ನ ಅಂದಾಜು.

ಇದಕ್ಕಿಂತ ದೊಡ್ಡ ಪೈಪೋಟಿ ಖಾಲಿ ನಿವೇಶನಗಳದ್ದು. ಹಳೆಯ ಮನೆಗೆ ಇನ್ನೊಂದು ಹಳೆಯ ಮನೆ ಎದುರಾಳಿ ಎಂದು ನಾವು ಎಣಿಸಿದ್ದೆವು. ಬಂದವರು ಹೋಲಿಸಿದ್ದು ಊರಂಚಿನ ಹೊಸ ಬಡಾವಣೆಯ ಸೈಟಿನ ಜೊತೆಗೆ. "ಅಲ್ಲಿ ಪೂರ್ವ ದಿಕ್ಕಿನ ಸೈಟು ಕೊಂಡು ನಮಗೆ ಬೇಕಾದಂತೆ ಕಟ್ಟಿಸಿಕೊಳ್ಳುತ್ತೇವೆ" ಎಂದು ನೇರವಾಗಿ ಹೇಳಿ ಹೋದವರಿದ್ದಾರೆ. ನಮ್ಮದು ದಕ್ಷಿಣಕ್ಕೆ ಮುಖ ಮಾಡಿದ ಮನೆ. ವಾಸ್ತು ನೋಡುವವರು ಗೇಟಿನಿಂದಲೇ ಹಿಂದೆ ಸರಿದರು. ಅಪ್ಪ ಹಾಕಿಸಿದ ಕಡಪ ಕಲ್ಲಿನ ನೆಲ ಬೇಸಿಗೆಯಲ್ಲಿ ಎಷ್ಟು ತಂಪು ಎಂದು ನಾನು ಹೇಳುತ್ತಿದ್ದೆ, ಅವರು ಅದನ್ನು ಕೀಳಿಸಿ ಟೈಲ್ಸ್ ಹಾಕಿಸಲು ಎಷ್ಟು ಖರ್ಚಾದೀತು ಎಂದು ಲೆಕ್ಕ ಹಾಕುತ್ತಿದ್ದರು. ಹಳೆಯ ಮನೆ ಮಾರುವವರು ಬೇಗ ಒಪ್ಪಿಕೊಳ್ಳಬೇಕಾದ ಕಹಿ ಸತ್ಯ ಇದು: ಬೆಲೆ ಇರುವುದು ಬಹುಪಾಲು ನೆಲಕ್ಕೆ. ಇಪ್ಪತ್ತೈದು ವರ್ಷ ದಾಟಿದ ಗೋಡೆಗಳಿಗೆ ಬ್ಯಾಂಕಿನ ಮೌಲ್ಯಮಾಪಕರು ಸವಕಳಿ ಕಳೆದೇ ಬೆಲೆ ಕಟ್ಟುತ್ತಾರೆ. ಅಪ್ಪ ಒಂದೊಂದು ಇಟ್ಟಿಗೆಗೂ ನಿಂತು ನೀರು ಹೊಡೆಸಿದ್ದಕ್ಕೆ ಅವರ ನಮೂನೆಯಲ್ಲಿ ಜಾಗವಿಲ್ಲ.

ಎರಡನೆಯ ಕುಟುಂಬ ಸಿರುಗುಪ್ಪ ತಾಲ್ಲೂಕಿನದು. ಮಕ್ಕಳ ಓದಿಗಾಗಿ ಬಳ್ಳಾರಿಯಲ್ಲಿ ಮನೆ ಬೇಕಿತ್ತು. ಯಜಮಾನರು ಮೆಣಸಿನಕಾಯಿ ಬೆಳೆಗಾರರು, ನನಗಿಂತ ಹಿರಿಯರು, ಮಾತಿನಲ್ಲಿ ಬಹಳ ತೂಕ. 69 ಲಕ್ಷದವರೆಗೂ ಬಂದಿದ್ದರು. ಆದರೆ ಅವರ ಹಣ ಚೀಲಗಳಲ್ಲಿತ್ತು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರ ಸಿಟ್ಟು ಬೆಂಕಿ ಹಚ್ಚುವ ಮಟ್ಟಕ್ಕೆ ಹೋಗಿದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಅನೇಕರಂತೆ ಅವರೂ ಮಾಲನ್ನು ಶೀತಲಗೃಹದಲ್ಲಿಟ್ಟು ದರ ಏರಲಿ ಎಂದು ಕಾಯುತ್ತಿದ್ದರು. ಅವರು ಅಲ್ಲಿ ಬಾಡಿಗೆ ಕಟ್ಟಿ ಕಾಯಿ ಇಟ್ಟಿದ್ದರು, ನಾವು ಇಲ್ಲಿ ತೆರಿಗೆ ಕಟ್ಟಿ ಮನೆ ಇಟ್ಟಿದ್ದೆವು.

ಆಗಸ್ಟ್ 5ಕ್ಕೆ ಶ್ರಾವಣ ಹುಟ್ಟಿತು. ಸಂಚಕಾರ ಕೊಡಲು ಒಳ್ಳೆಯ ದಿನ ನೋಡುವುದೊಂದೇ ಬಾಕಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ತುಂಬಿದ್ದ ಅಣೆಕಟ್ಟಿನಿಂದ ನೀರು ಹರಿದು ಹೋಗುವುದನ್ನು ನೋಡುತ್ತ ಕಾಲುವೆ ಕೆಳಗಿನ ಊರುಗಳು ಆ ವಾರವೆಲ್ಲ ಉಸಿರು ಹಿಡಿದು ಕುಳಿತಿದ್ದವು. ಒಂದೇ ವಾರದಲ್ಲಿ ತಾತ್ಕಾಲಿಕ ಗೇಟ್ ಕೂಡಿಸಿದರು, ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ನೀರು ಬಂದರೂ ಆ ಕುಟುಂಬ ಮತ್ತೆ ಬರಲಿಲ್ಲ. ಯಜಮಾನರು ಫೋನ್ ಮಾಡಿ, "ತಪ್ಪು ತಿಳಿಯಬೇಡಿ. ಈ ವರ್ಷ ಕೈಯಲ್ಲಿರುವುದನ್ನು ಕಳೆದುಕೊಳ್ಳಲು ಧೈರ್ಯ ಬರುತ್ತಿಲ್ಲ" ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆ ವ್ಯಾಪಾರ ಭತ್ತ, ಹತ್ತಿ, ಮೆಣಸಿನಕಾಯಿಯ ಹಣದ ಮೇಲೆ ನಿಂತಿದೆ. ಸಿಂಧನೂರಿನಲ್ಲಿ, ಗಂಗಾವತಿಯಲ್ಲಿ ಎರಡನೆಯ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಹುಟ್ಟಿದರೆ ಸಾಕು, ಸಂಚಕಾರದ ಮಾತು ಮುಂದಕ್ಕೆ ಹೋಗುತ್ತದೆ.

ಸಂಬಳದವರು ಸಾಲ ಮಾಡಿ ಕೊಳ್ಳಬಹುದಲ್ಲ ಎಂದರೆ, ಅಲ್ಲಿಯೂ ಒಂದು ಗಟ್ಟಿ ಗೋಡೆಯಿದೆ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕ್ ಮನೆಯ ಮೌಲ್ಯದ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೌಲ್ಯ ಕಟ್ಟುವುದು ಬ್ಯಾಂಕಿನ ಮೌಲ್ಯಮಾಪಕರು. ನಾವು 62 ಲಕ್ಷಕ್ಕೆ ಮಾತಾಡಿದ ಮನೆಗೆ ಅವರು 55 ಲಕ್ಷ ಎಂದರು. ಅದರ ಶೇ 80 ಅಂದರೆ 44 ಲಕ್ಷ. ಉಳಿದ 18 ಲಕ್ಷವನ್ನು ಕೊಳ್ಳುವವರು ಕೈಯಿಂದ ತರಬೇಕು. ನೋಂದಣಿಯ ಖರ್ಚಿಗೆ ಸಾಲ ಸಿಗುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಯಿತು. ಒಟ್ಟು ಶೇ 7.6, ಅಂದರೆ 62 ಲಕ್ಷಕ್ಕೆ 4.71 ಲಕ್ಷ. ಎರಡೂ ಸೇರಿ 22 ಲಕ್ಷ ಮೀರಿತು. ನಮ್ಮ ಮನೆ ಎರಡು ತಿಂಗಳು ಮೊದಲು ಮಾರಾಟವಾಗಿದ್ದರೆ ಕೊಂಡವರಿಗೆ 62 ಸಾವಿರ ಉಳಿಯುತ್ತಿತ್ತು.

ಈ 22 ಲಕ್ಷ ನಮ್ಮ ಕಡೆಯ ಒಂದು ಮಧ್ಯಮ ವರ್ಗದ ಮನೆಗೆ ಎಲ್ಲಿಂದ ಬರುತ್ತದೆ? ಚಿನ್ನದಿಂದ, ಬೆಳೆಯಿಂದ, ಇಲ್ಲವೇ ಬೇರೆಲ್ಲೋ ಕೊಂಡಿಟ್ಟ ಸೈಟಿನಿಂದ. ಸೈಟು ಮಾರಿ ಮನೆ ಕೊಳ್ಳುತ್ತೇವೆ ಎನ್ನುವವರು ಬಹಳ. ಅವರ ಸೈಟು ಹೋಗಬೇಕಾದರೆ ಇನ್ನೊಬ್ಬರ ಹತ್ತಿ ಮಾರಾಟವಾಗಬೇಕು. ಒಂದು ಮನೆ ನಿಂತಿದೆ ಎಂದರೆ ಅದರ ಹಿಂದೆ ಇನ್ನೂ ಮೂರು ವ್ಯವಹಾರ ನಿಂತಿವೆ ಎಂದೇ ಅರ್ಥ. ಕೊಳ್ಳುವವರ ಮೇಲೆ ಸಿಟ್ಟಾಗುವ ಮೊದಲು ಮಾರುವವರು ಈ ಸರಪಳಿಯನ್ನು ಒಮ್ಮೆ ನೆನೆಯಬೇಕು.

ಇನ್ನು ಕಾಗದಪತ್ರ. ನನ್ನನ್ನು ಹೆಚ್ಚು ಕಾಡಿದ್ದು, ಈಗ ಯಾರು ಸಲಹೆ ಕೇಳಿದರೂ ನಾನು ಮೊದಲು ಎತ್ತುವ ವಿಷಯ ಇದೇ.

2025ರ ಜನವರಿಯಲ್ಲಿ ಮೂರನೆಯ ಕುಟುಂಬ ಒಂದು ಲಕ್ಷ ಸಂಚಕಾರ ಕೊಟ್ಟು ಕರಾರು ಬರೆಸಿತು. ಅವರ ಬ್ಯಾಂಕಿನ ವಕೀಲರು ಕಡತ ತಿರುವಿ ಮೂರು ಆಕ್ಷೇಪ ಎತ್ತಿದರು. ಅಪ್ಪ ತೀರಿಕೊಂಡು ಎರಡೂವರೆ ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇದೆ. ಕ್ರಯಪತ್ರದಲ್ಲಿರುವ ಹೆಸರಿಗೂ ಮರಣ ಪ್ರಮಾಣಪತ್ರದಲ್ಲಿರುವ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಿದೆ. ಹಿಂದಿನ ಮಾಲೀಕರ ಒಂದು ಪತ್ರ ತೆಲುಗಿನಲ್ಲಿದೆ, ಅದಕ್ಕೆ ದೃಢೀಕೃತ ಅನುವಾದ ಬೇಕು. ಮೂರನೆಯದು ನಮ್ಮ ನಾಡಿನ ಚರಿತ್ರೆಯೇ ಕಾಗದದ ಮೇಲೆ ಉಳಿದ ಬಗೆ. ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳಗಳು ನಿಜಾಮರ ಸೀಮೆ. ಇಲ್ಲಿ ಹಳೆಯ ಪತ್ರ ತೆಲುಗಿನಲ್ಲಿ ಸಿಕ್ಕರೆ ಅಲ್ಲಿ ಉರ್ದುವಿನಲ್ಲಿ ಸಿಗುತ್ತದೆ. ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅಂಥ ಪತ್ರ ಮನೆಯಲ್ಲಿದ್ದರೆ ಕೊಳ್ಳುವವರು ಬರುವವರೆಗೆ ಕಾಯದೆ ಈಗಲೇ ಅನುವಾದ ಮಾಡಿಸಿಡುವುದು ಜಾಣತನ.

2024ರ ಕೊನೆಯಿಂದ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಖಾತೆಯ ಡಿಜಿಟಲ್ ದಾಖಲೆ, ಬೇಕೇ ಬೇಕು. ನಾವು ಮನೆ ಮಾರಲು ಇಟ್ಟಾಗ ಇಲ್ಲದ ಒಂದು ಮೆಟ್ಟಿಲು ನಾವು ಕಾಯುತ್ತಿರುವಾಗಲೇ ಹುಟ್ಟಿಕೊಂಡಿತು. ಮರಣ ಪ್ರಮಾಣಪತ್ರ, ವಂಶವೃಕ್ಷ, ತೆರಿಗೆ ರಸೀದಿ, ಎಲ್ಲರ ಆಧಾರ್, ಕಟ್ಟಡದ ಫೋಟೊ, ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಿ ವಾರಸುದಾರರ ಹೆಸರಿಗೆ ಖಾತೆ ಬರುವಷ್ಟರಲ್ಲಿ ಜುಲೈ ಕಳೆಯಿತು. ಸಂಚಕಾರ ಕೊಟ್ಟವರು ಮಾರ್ಚ್‌ವರೆಗೆ ತಾಳ್ಮೆಯಿಂದ ಕಾದು, ಕೊನೆಗೆ ಹಣ ವಾಪಸ್ ಕೇಳಿದರು. ನಮ್ಮಿಂದಲೇ ತಡವಾದದ್ದು, ಆದ್ದರಿಂದ ಒಂದು ರೂಪಾಯಿ ಹಿಡಿಯದೆ ಕೊಟ್ಟೆವು. ನಮ್ಮದು ಒಪ್ಪಿಗೆ ಪಡೆದ ಬಡಾವಣೆ, ಅಷ್ಟರ ಮಟ್ಟಿಗೆ ಬಚಾವಾದೆವು. ಅನುಮೋದನೆಯಿಲ್ಲದ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರವರಿಯಲ್ಲಿ ಆರಂಭಿಸಿತು. ಅದರಿಂದ ಆಸ್ತಿ ದಾಖಲೆಗೆ ಬರುತ್ತದೆ. ಆದರೆ ಬಿ-ಖಾತಾ ಇರುವ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲ ಬೇಕಾದವರೆಲ್ಲ ದೂರವಾದರೆ ಉಳಿಯುವುದು ಪೂರ್ತಿ ಹಣ ಕೈಯಲ್ಲಿರುವ ಕೆಲವೇ ಮಂದಿ, ಅವರು ಕೇಳುವುದು ಇಳಿದ ಬೆಲೆಯನ್ನೇ.

ಇಷ್ಟರ ನಡುವೆ ನಮ್ಮನ್ನು ಕಾಪಾಡಿದ್ದು ಅಪ್ಪನ ಒಂದು ತಂತಿ. ಅಡುಗೆಮನೆಯ ಹಿಂದಿನ ಗೂಡಿನಲ್ಲಿ, ಬಾಗಿಸಿದ ಕಬ್ಬಿಣದ ತಂತಿಗೆ 1998ರಿಂದ ಪ್ರತಿ ವರ್ಷದ ಕಂದಾಯದ ರಸೀದಿಯನ್ನು ಪೋಣಿಸಿಟ್ಟಿದ್ದರು. ಕೆಳಗಿನವು ಹಳದಿಯಾಗಿ, ಅಂಚು ಪುಡಿಯಾಗುತ್ತಿದ್ದವು. ಒಂದು ವರ್ಷವೂ ತಪ್ಪಿರಲಿಲ್ಲ. ಕಚೇರಿಯಲ್ಲಿ ಆ ತಂತಿಯನ್ನೇ ಮೇಜಿನ ಮೇಲಿಟ್ಟಾಗ ಗುಮಾಸ್ತರು ಒಂದೊಂದನ್ನೂ ನಿಧಾನವಾಗಿ ಬಿಡಿಸಿ ಓದಿದರು. ಗೋಡೆಗೆ ಹೊಸ ಬಣ್ಣ ಬಳಿಸಲು ನಾವು ಸುರಿದ ಹಣಕ್ಕಿಂತ ಆ ತಂತಿ ಹೆಚ್ಚು ಕೆಲಸ ಮಾಡಿತು.

ಸಹಿಯ ಮಾತನ್ನೂ ಇಲ್ಲೇ ಹೇಳಬೇಕು. ಅಕ್ಕ ಆದೋನಿಗೆ ಮದುವೆಯಾಗಿ ಹೋಗಿ ಮೂವತ್ತು ವರ್ಷವಾಯಿತು. "ಅವಳ ಸಹಿ ಏಕೆ ಬೇಕು?" ಎಂದು ನಮ್ಮ ಹತ್ತಿರದ ಸಂಬಂಧಿಕರೇ ಕೇಳಿದರು. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿ, ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಯಾದ ದಿನಕ್ಕೆ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕಾನೂನು ಇಷ್ಟು ನಿಚ್ಚಳವಾಗಿದ್ದರೂ ಹೆಣ್ಣುಮಕ್ಕಳನ್ನು ನೋಂದಣಿಯ ದಿನ ಹೆಬ್ಬೆಟ್ಟಿಗೆ ಮಾತ್ರ ಕರೆಯುವ ಮನೆಗಳು ನಮ್ಮಲ್ಲಿ ಬಹಳ ಇವೆ. ಇದು ಅನ್ಯಾಯ. ಅಷ್ಟೇ ಅಲ್ಲ, ಕೊಳ್ಳುವವರಿಗೂ ಭಯ ಹುಟ್ಟಿಸುವ ಸಂಗತಿ. ನಾಳೆ ದಾವೆ ಬೀಳಬಹುದಾದ ಮನೆಗೆ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲ. ನಾವು ಮೊದಲ ದಿನವೇ ಅಕ್ಕನನ್ನು ಕೂರಿಸಿಕೊಂಡು ಬೆಲೆ ಗೊತ್ತುಮಾಡಿದ್ದರೆ 66 ಲಕ್ಷಕ್ಕೆ ಒಪ್ಪಿಬಿಡುತ್ತಿದ್ದೆವೇನೋ. "ಕೊಟ್ಟುಬಿಡು, ಆ ದಂಪತಿ ಮನೆಯನ್ನು ಇಷ್ಟಪಟ್ಟಿದ್ದಾರೆ" ಎಂದು ಫೋನಿನಲ್ಲಿ ಹೇಳಿದವಳು ಅವಳೊಬ್ಬಳೇ.

ಮಂದ ಮಾರುಕಟ್ಟೆಯಲ್ಲಿ ಮಾರ್ಗಸೂಚಿ ದರವೂ ಒಂದು ತೊಡಕು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಈ ದರಗಳು ಪರಿಷ್ಕರಣೆಯಾದವು. ಮಾರುಕಟ್ಟೆ ಇಳಿದಾಗ ದರ ತಾನಾಗಿ ಇಳಿಯುವುದಿಲ್ಲ. ಒಂದು ಮನೆಯ ಮಾರ್ಗಸೂಚಿ ಮೌಲ್ಯ 70 ಲಕ್ಷ, ನಿಜವಾಗಿ ಕುದುರಿದ್ದು 62 ಲಕ್ಷ ಎಂದಿಟ್ಟುಕೊಳ್ಳಿ. ಕೊಳ್ಳುವವರು ಮುದ್ರಾಂಕ ಶುಲ್ಕವನ್ನು 70ರ ಮೇಲೆ ಕಟ್ಟಬೇಕು. ಆದಾಯ ತೆರಿಗೆಯಲ್ಲಿ ಶೇ 10ರವರೆಗಿನ ಅಂತರಕ್ಕೆ ರಿಯಾಯಿತಿ ಇದೆ, ಅಂದರೆ 62ಕ್ಕೆ 68.2ರ ತನಕ. ಇಲ್ಲಿ ಅದು ಮೀರಿದ್ದರಿಂದ ಮಾರಿದವರು 70 ಲಕ್ಷಕ್ಕೆ ಮಾರಿದರೆಂದೇ ಭಾವಿಸಿ ತೆರಿಗೆ ಲೆಕ್ಕ ಹಾಕುತ್ತಾರೆ. ಕೊಂಡವರ ಕೈಗೆ 8 ಲಕ್ಷ ಆದಾಯ ಬಂದಂತೆ ಎಂದು ಅವರಿಗೂ ತೆರಿಗೆ. ಕೈಗೆ ಬಾರದ ಹಣಕ್ಕೆ ಇಬ್ಬರೂ ತೆರುತ್ತಾರೆ. ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಒಪ್ಪಿಸಿ ಎಂದು ಮಾರಿದವರು ಕೇಳಬಹುದು, ಆದರೆ ಎಷ್ಟು ಮಂದಿಗೆ ಆ ದಾರಿ ಗೊತ್ತಿದೆ? ವ್ಯಾಪಾರ ಇಳಿದ ಬಡಾವಣೆಗಳಲ್ಲಿ ದರವನ್ನು ಇಳಿಸುವ ವ್ಯವಸ್ಥೆ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಏರಿಸಲು ಸಮಿತಿ ಕೂರುತ್ತದೆ, ಇಳಿಸಲೂ ಕೂರಲಿ.

ಲಾಭದ ಮೇಲಿನ ತೆರಿಗೆಯಲ್ಲಿ ಒಂದು ಆಯ್ಕೆ ಇದೆ, ಅದನ್ನು ಲೆಕ್ಕ ಹಾಕದೆ ಬಿಡಬಾರದು. 2024ರ ಜುಲೈ 23ಕ್ಕಿಂತ ಮೊದಲು ಪಡೆದ ಮನೆಯಾದರೆ, ಭಾರತದ ನಿವಾಸಿಗಳು ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ 12.5, ಅಥವಾ ಹೊಂದಾಣಿಕೆಯೊಂದಿಗೆ ಶೇ 20, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2001ಕ್ಕಿಂತ ಹಿಂದಿನ ಮನೆಗೆ 2001ರ ಏಪ್ರಿಲ್ 1ರ ಮೌಲ್ಯವನ್ನು ಆಧಾರವಾಗಿ ತೆಗೆದುಕೊಳ್ಳಬಹುದು. 2025-26ರ ಹಣದುಬ್ಬರ ಸೂಚ್ಯಂಕ 376, ಅಂದರೆ ಆ ಮೌಲ್ಯವನ್ನು 3.76ರಿಂದ ಗುಣಿಸಬೇಕು. 62 ಲಕ್ಷಕ್ಕೆ ಮಾರಿದ ಮನೆ 2001ರಲ್ಲಿ 6 ಲಕ್ಷ ಬಾಳುತ್ತಿತ್ತು ಎಂದಾದರೆ ಸೆಸ್ ಬಿಟ್ಟು ಹೊಸ ಲೆಕ್ಕದಲ್ಲಿ (ಶೇ 12.5) 7 ಲಕ್ಷ, ಹಳೆಯದರಲ್ಲಿ (ಶೇ 20) 7.89 ಲಕ್ಷ ತೆರಿಗೆ. ಅದೇ 10 ಲಕ್ಷ ಬಾಳುತ್ತಿತ್ತು ಎಂದಾದರೆ ಹೊಸದರಲ್ಲಿ 6.5 ಲಕ್ಷ, ಹಳೆಯದರಲ್ಲಿ 4.88 ಲಕ್ಷ. ಆದ್ದರಿಂದ ನೋಂದಾಯಿತ ಮೌಲ್ಯಮಾಪಕರಿಂದ 2001ರ ಮೌಲ್ಯದ ವರದಿ ಪಡೆಯುವ ಖರ್ಚು ವ್ಯರ್ಥವಲ್ಲ. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಮೂರು ವರ್ಷದೊಳಗೆ ಕಟ್ಟಿಸಿದರೆ, ಇಲ್ಲವೇ ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ತೊಡಗಿಸಿದರೆ ವಿನಾಯಿತಿ ಇದೆ. ಪ್ರತಿ ಪಾಲುದಾರರೂ ತಮ್ಮ ಪಾಲಿಗೆ ಬೇರೆ ಬೇರೆಯಾಗಿ ಪಡೆಯಬಹುದು.

ಕಪ್ಪು ಹಣದ ಆಸೆಯೂ ಬಾಗಿಲಿಗೆ ಬಂದಿತ್ತು. "70 ಕೊಡಿಸುತ್ತೇನೆ, 25 ನಗದು" ಎಂದು ಒಬ್ಬ ದಲ್ಲಾಳಿ ತಿಂಗಳುಗಟ್ಟಲೆ ಬೆನ್ನು ಬಿಡಲಿಲ್ಲ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಆರು ತಿಂಗಳಿಂದ ಮನೆ ಮಾರಾಟವಾಗದೆ ಕಂಗೆಟ್ಟವರಿಗೆ ಈ ಮಾತು ಎಷ್ಟು ಸಿಹಿಯಾಗಿ ಕೇಳಿಸುತ್ತದೆ ಎಂದು ನನಗೆ ಗೊತ್ತು. ಅಮ್ಮ ಒಂದೇ ಮಾತಿನಲ್ಲಿ ಬೇಡ ಎಂದರು.

ಹದಿನೆಂಟು ತಿಂಗಳಲ್ಲಿ ಬೆಲೆಯನ್ನು ನಾವು ನಾಲ್ಕು ಸಲ ಇಳಿಸಿದೆವು. 78, 76, 75, 72, 68. ಇದು ದೊಡ್ಡ ತಪ್ಪು. ಒಂದೆರಡು ಲಕ್ಷ ಇಳಿಸಿದ್ದನ್ನು ನೋಡಿ ಯಾರೂ ಹೊಸದಾಗಿ ಬರಲಿಲ್ಲ. ಮೊದಲೇ ಬಂದಿದ್ದವರು ಇನ್ನೂ ಇಳಿಯುತ್ತದೆ ಎಂದು ಕಾದರು. ಒಂದು ವರ್ಷ ದಾಟಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. "ಇಷ್ಟು ದಿನ ಏಕೆ ಹೋಗಿಲ್ಲ? ಮನೆಗೆ ಏನಾದರೂ ದೋಷವಿದೆಯೇ?" ಎಂದು ಕೇಳತೊಡಗಿದರು. ನಾಲ್ಕು ಜನ ದಲ್ಲಾಳಿಗಳು ನಾಲ್ಕು ಬೆಲೆ ಹೇಳುತ್ತಿದ್ದದ್ದು ಆ ಅನುಮಾನಕ್ಕೆ ಇನ್ನಷ್ಟು ನೀರೆರೆಯಿತು. ಈಗಾಗಿದ್ದರೆ ಕಾಗದ ಪೂರ್ತಿ ಸಿದ್ಧಪಡಿಸಿಕೊಂಡು, ಬ್ಯಾಂಕಿನ ಮೌಲ್ಯಮಾಪಕರು ಎಷ್ಟು ಹೇಳಿಯಾರು ಎಂದು ಮೊದಲೇ ತಿಳಿದುಕೊಂಡು, ಅದಕ್ಕಿಂತ ಬಹಳ ದೂರ ಹೋಗದ ಒಂದು ಬೆಲೆಯನ್ನು ಒಬ್ಬರೇ ಮಧ್ಯವರ್ತಿಯ ಮೂಲಕ ಹೇಳುತ್ತಿದ್ದೆ. ಯುಗಾದಿಯಿಂದ ಆಷಾಢದವರೆಗಿನ ಮೂರು ತಿಂಗಳು ನಮ್ಮಲ್ಲಿ ಜೋರು ವ್ಯಾಪಾರದ ಕಾಲ. ಆಗ ಬಂದ ಮೊದಲ ಗಂಭೀರ ಕೇಳಿಕೆಯನ್ನು ಒಂದು ವಾರ ಕೂತು ತೂಗಿ ನೋಡದೆ ತಿರುಗಿಸಿ ಕಳಿಸುತ್ತಿರಲಿಲ್ಲ.

ಬಾಡಿಗೆಗೆ ಕೊಡಬಹುದಿತ್ತು ಎಂದು ಹಲವರು ಹೇಳುತ್ತಾರೆ. ತಿಂಗಳಿಗೆ 12,000 ಬರುತ್ತಿತ್ತು. ಬಾಡಿಗೆದಾರರಿದ್ದರೆ ಮನೆ ತೋರಿಸುವುದು ಕಷ್ಟ ಎಂದು ಹೆದರಿ ಬೀಗ ಹಾಕಿದೆವು. ಖಾಲಿ ಮನೆ ಬೇಗ ಹಾಳಾಗುತ್ತದೆ. ಬಳ್ಳಾರಿಯ ಕೆಂಪು ದೂಳು ಒಂದೇ ವಾರದಲ್ಲಿ ಕಿಟಕಿಯ ಕಟ್ಟೆ ತುಂಬುತ್ತದೆ. ಹನ್ನೊಂದು ತಿಂಗಳ ಕರಾರು, ಮಾರಾಟವಾದರೆ ಎರಡು ತಿಂಗಳಲ್ಲಿ ತೆರವು ಎಂಬ ಷರತ್ತಿನೊಂದಿಗೆ ಕೊಡುವುದೇ ಸರಿಯಾಗಿತ್ತು.

ನಿಧಾನದ ಮಾರುಕಟ್ಟೆಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಸುಮ್ಮನೆ ಕೊಂಡು ಮರುಮಾರುವ ಜನ ಆಗ ದೂರವಿರುತ್ತಾರೆ. ಬರುವವರು ವಾಸಕ್ಕೆ ಬರುವವರು. 2025ರಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಫೆಬ್ರವರಿಯ ಆರಂಭದಲ್ಲಿದ್ದ ಶೇ 6.5ರಿಂದ ಜೂನ್ ಹೊತ್ತಿಗೆ 5.5ಕ್ಕೆ ಇಳಿಯಿತು. 44 ಲಕ್ಷದ ಇಪ್ಪತ್ತು ವರ್ಷದ ಸಾಲಕ್ಕೆ ಬಡ್ಡಿ ಶೇ 8.5ರಿಂದ 7.5ಕ್ಕೆ ಇಳಿದರೆ ತಿಂಗಳ ಕಂತು ಸುಮಾರು 2,700 ರೂಪಾಯಿ ಕಡಿಮೆಯಾಗುತ್ತದೆ. ನಮ್ಮ ನಾಲ್ಕನೆಯ ಕುಟುಂಬಕ್ಕೆ ಧೈರ್ಯ ಕೊಟ್ಟದ್ದು ಇದೇ. ಇದೇ ಊರಿನಲ್ಲಿ ಮಾರಿ ಇದೇ ಊರಿನಲ್ಲಿ ಕೊಳ್ಳುವವರಿಗೆ ಇಳಿದ ಬೆಲೆ ಎರಡೂ ಕಡೆ ಸರಿಹೋಗುತ್ತದೆ. ಪೆಟ್ಟು ಬೀಳುವುದು ನನ್ನ ತಮ್ಮನಂಥವರಿಗೆ. ಅವನು ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳಲು ತನ್ನ ಪಾಲಿಗಾಗಿ ಕಾಯುತ್ತಿದ್ದ. ಇಲ್ಲಿ ಬೆಲೆ ನಿಂತಿತ್ತು, ಅಲ್ಲಿ ಏರುತ್ತಿತ್ತು. ಹದಿನೆಂಟು ತಿಂಗಳ ಹಿಂದೆ ಅವನು ನೋಡಿದ್ದ ಎರಡು ಕೋಣೆಯ ಫ್ಲಾಟ್ ಇಂದು ಅವನ ಕೈಗೆಟುಕುವುದಿಲ್ಲ. ಕಲ್ಯಾಣ ಕರ್ನಾಟಕದ ಅದೆಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಹೈದರಾಬಾದ್‌ಗಳಲ್ಲಿ ನೆಲೆ ಕಂಡಿದ್ದಾರೆ. ತಂದೆತಾಯಿ ಕಟ್ಟಿಸಿದ ಮನೆಯನ್ನು ಮಾರಲೋ ಬೇಡವೋ ಎಂದು ವರ್ಷಗಟ್ಟಲೆ ತೂಗುವಾಗ ಅವರು ಕಳೆದುಕೊಳ್ಳುವುದು ಈ ಅಂತರವನ್ನು.

ನೋಂದಣಿಯ ದಿನ ಕೆಲಸ ಬೇಗ ಮುಗಿಯಿತು. ಕಾಗದ ಸರಿಯಿದ್ದದ್ದರಿಂದ ಮಧ್ಯಾಹ್ನಕ್ಕೆಲ್ಲ ಹೊರಗೆ ಬಂದೆವು. ಬೆಲೆ 50 ಲಕ್ಷ ದಾಟಿದ್ದರಿಂದ ಕೊಂಡವರು ಶೇ 1 ತೆರಿಗೆ ಮುರಿದುಕೊಂಡು ನಾಲ್ವರ ಹೆಸರಿಗೂ ಬೇರೆ ಬೇರೆಯಾಗಿ ಕಟ್ಟುವ ವಿವರವನ್ನು ಬರೆದುಕೊಂಡರು. ಜೆಸ್ಕಾಂ ಮೀಟರಿನ ಆರ್.ಆರ್. ಸಂಖ್ಯೆ, ನಲ್ಲಿಯ ಸಂಪರ್ಕ ಸಂಖ್ಯೆ, ಅಪ್ಪನ ತಂತಿಯ ರಸೀದಿಗಳು ಎಲ್ಲವನ್ನೂ ಕೊಟ್ಟೆ.

ಸಂಜೆ ಬೀಗದ ಕೈ ಕೊಡಲು ಹೋದಾಗ ಅಮ್ಮ ಅಂಗಳ ಗುಡಿಸಿ ರಂಗೋಲಿ ಹಾಕಿದ್ದರು. ಹದಿನೆಂಟು ತಿಂಗಳಲ್ಲಿ ಮನೆ ನೋಡಲು ಜನ ಬರುವ ದಿನವೆಲ್ಲ ಅವರು ಹಾಗೆ ಹಾಕುತ್ತಿದ್ದರು. ಹೊಸ ಮನೆಯೊಡತಿಯ ಕೈ ಹಿಡಿದು ಸಂಪಿನ ಬಳಿ ಕರೆದೊಯ್ದರು. ಮುಚ್ಚಳ ಎತ್ತಿ, ಬಲಗಡೆಯ ವಾಲ್ವ್ ತೋರಿಸಿ, "ನೀರು ಬಿಡುವ ದಿನ ಬೆಳಗಿನ ಜಾವವೇ ಇದನ್ನು ತಿರುಗಿಸಿಬಿಡು ತಾಯಿ. ಏಳು ಗಂಟೆಯ ಮೇಲೆ ಒತ್ತಡ ಇರುವುದಿಲ್ಲ" ಎಂದರು.